ನಾಲ್ಕಡಿ ಅಂಗಳಕ್ಕೆ ಪರಿಮಳದ ಗಿಡ್ಡ ಗುಲಾಬಿ: ಬಳ್ಳಾರಿ ಬಿಸಿಲಿಗೆ ಯಾವುದು ತಾಳುತ್ತೆ?

ಅಂಗಳದ ಹೂವು, ಬಳ್ಳಾರಿ (ಫೆಬ್ರವರಿ)

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಮುಂದೆ ಕಂಪೌಂಡಿಗೂ ಮೆಟ್ಟಿಲಿಗೂ ನಡುವೆ ನಾಲ್ಕು ಅಡಿ ಅಗಲ, ಒಂಬತ್ತು ಅಡಿ ಉದ್ದದ ಜಾಗ ಇದೆ. ತುಳಸಿ, ಕನಕಾಂಬರ, ಮೂಲೆಗೊಂದು ಕರಿಬೇವು. ಉಳಿದ ಜಾಗಕ್ಕೆ ಒಂದು ಗುಲಾಬಿ ಬೇಕು. ಸೊಂಟದೆತ್ತರ ದಾಟಬಾರದು, ಸುತ್ತ ತುಂಬಿಕೊಂಡು ಪೊದೆಯಂತೆ ಬೆಳೆಯಬೇಕು, ಪರಿಮಳ ಇರಲೇಬೇಕು. ನನ್ನ ತವರಿನಲ್ಲಿ ಬಚ್ಚಲ ನೀರು ಹೋಗುವ ಕಡೆ ಅಂಥದೊಂದು ಗಿಡ ಇತ್ತು. ತಿಳಿ ಗುಲಾಬಿ ಬಣ್ಣ, ಸಣ್ಣ ಹೂವು, ಎಸಳು ಒತ್ತೊತ್ತಾಗಿ. ಜಡೆಗೊಂದು ಇಟ್ಟುಕೊಂಡು ಶಾಲೆಗೆ ಹೋದರೆ ಮುಂದಿನ ಬೆಂಚಿನವಳು ತಿರುಗಿ ನೋಡುತ್ತಿದ್ದಳು.

ಎರಡು ವರ್ಷದಲ್ಲಿ ಮೂರು ಗಿಡ ಹೋದವು. ಮೊದಲನೆಯದು ಗಾಡಿಯವರ ಹತ್ತಿರ ತಗೊಂಡ ಕೆಂಪು ಗುಲಾಬಿ. ಎರಡನೆಯದು ಆನ್‌ಲೈನಿನಲ್ಲಿ ತರಿಸಿದ್ದು, ಇಂಗ್ಲಿಷ್ ಗುಲಾಬಿ, ತುಂಬಾ ಪರಿಮಳ ಅಂತ ಬರೆದಿದ್ದರು, 650 ರೂಪಾಯಿ ಕೊಟ್ಟೆ. ಮೂರನೆಯದು ಬಟನ್ ಗುಲಾಬಿ. ಮೂರಕ್ಕೂ ಒಂದೇ ಥರ ಆಯಿತು. ಹೊಸ ಎಲೆ ಹಳದಿ, ನರ ಮಾತ್ರ ಹಸಿರು. ಆಮೇಲೆ ಎಲೆಯಂಚು ಸುಟ್ಟ ಹಾಗೆ. ಕೊನೆಗೆ ಕಡ್ಡಿ ತುದಿಯಿಂದ ಕಪ್ಪಾಗುತ್ತಾ ಕೆಳಗಿಳಿಯಿತು.

ನೀರು ದಿನಾ ಹಾಕುತ್ತೇನೆ. ಆರ್‌ಓ ಯಂತ್ರದ ಪೈಪಿನಿಂದ ಹೊರಗೆ ಬೀಳುವ ನೀರನ್ನು ಬಕೆಟ್‌ನಲ್ಲಿ ಹಿಡಿದು ಅದನ್ನೇ ಹಾಕುತ್ತೇನೆ, ಸುಮ್ನೆ ಚರಂಡಿಗೆ ಹೋಗಬಾರದು ಅಂತ. ಮೊಟ್ಟೆ ಸಿಪ್ಪೆ, ಒಲೆ ಬೂದಿ ಕೂಡ ಹಾಕಿದ್ದೇನೆ. ಎಲ್ಲಿ ತಪ್ಪಿದೆ ಹೇಳಿ.

ರಾಯಚೂರು ಬಿಸಿಲು, ರಾಯಚೂರು

ಅಕ್ಕಾ, ಗಿಡಕ್ಕೆ ಎಷ್ಟು ಹೊತ್ತಿಂದ ಎಷ್ಟು ಹೊತ್ತಿನವರೆಗೆ ಬಿಸಿಲು ಬೀಳುತ್ತೆ? ಗುಲಾಬಿಗೆ ಆರು ತಾಸು ಬಿಸಿಲು ಬೇಕು ಅಂತ ಎಲ್ಲ ಕಡೆ ಬರೆದಿರುತ್ತಾರೆ. ಅದು ತಂಪು ಊರಿನ ಮಾತು. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮಲ್ಲಿ 40 ಡಿಗ್ರಿ ದಾಟುತ್ತೆ. ಆಗ ಮಧ್ಯಾಹ್ನದ ಬಿಸಿಲು ಗಿಡಕ್ಕೆ ಶಿಕ್ಷೆ. ಬೆಳಿಗ್ಗೆಯಿಂದ ಒಂದು ಗಂಟೆವರೆಗೆ ಬಿದ್ದು, ಆಮೇಲೆ ಗೋಡೆಯದೋ ಮರದ್ದೋ ನೆರಳು ಬಂದರೆ ಅದೇ ಒಳ್ಳೆ ಜಾಗ.

ಇನ್ನೊಂದು ಗಮನಿಸಿ. ಗಿಡದ ಸುತ್ತ ಕಡಪಾ ಕಲ್ಲು, ಶಹಾಬಾದ್ ಕಲ್ಲು ಹಾಸಿದ್ದೀರಾ? ನಾನು ಮಾಳಿಗೆ ಮೇಲೆ ಕುಂಡದಲ್ಲಿ ಇಟ್ಟಾಗ ಕುಂಡದ ಹೊರಗೋಡೆ ಮುಟ್ಟಲು ಆಗುತ್ತಿರಲಿಲ್ಲ, ಅಷ್ಟು ಬಿಸಿ. ಗಿಡ ತೆಗೆದು ನೋಡಿದರೆ ಗೋಡೆಗೆ ತಾಗಿದ್ದ ಬೇರುಗಳೆಲ್ಲ ಕಂದು ಬಣ್ಣಕ್ಕೆ ತಿರುಗಿದ್ದವು. ಈಗ ಕುಂಡಕ್ಕೆ ಗೋಣಿಚೀಲ ಸುತ್ತಿ ಬೆಳಿಗ್ಗೆ ಒಮ್ಮೆ ಒದ್ದೆ ಮಾಡುತ್ತೇನೆ.

ಮಸಾರಿ ಹೊಲ, ಕೊಪ್ಪಳ

ಅಕ್ಕಾರೆ, ನಿಮ್ಮ ಗಿಡಗಳನ್ನು ಕೊಂದದ್ದು ಬಿಸಿಲಲ್ಲ, ನೀರು. ಬೇಜಾರು ಮಾಡಿಕೊಳ್ಳಬೇಡಿ, ಇದು ನಮ್ಮ ಕಡೆ ಬಹಳ ಮನೆಯಲ್ಲಿ ನಡೆಯುತ್ತೆ.

ಆರ್‌ಓ ಯಂತ್ರ ನೀರಿನ ಉಪ್ಪನ್ನು ತೆಗೆಯುತ್ತೆ ಅಲ್ವಾ? ತೆಗೆದ ಉಪ್ಪು ಎಲ್ಲಿ ಹೋಗಬೇಕು? ಆ ಹೊರಗೆ ಬೀಳುವ ನೀರಿನಲ್ಲೇ. ಅಂದರೆ ನಿಮ್ಮ ಬೋರಿನ ನೀರು ಮೊದಲೇ ಗಡಸು, ಅದಕ್ಕಿಂತ ಜಾಸ್ತಿ ಉಪ್ಪಿನ ನೀರು ಗಿಡಕ್ಕೆ ಹೋಗಿದೆ. ನೆಲ ಒರೆಸಲು, ಬಾತ್‌ರೂಮಿಗೆ ಬಳಸಿ. ಗುಲಾಬಿಗೆ ಮಾತ್ರ ಬೇಡ. ಗುಲಾಬಿ ಉಪ್ಪು ತಡೆಯುವ ಗಿಡವೇ ಅಲ್ಲ. ಎಲೆಯಂಚು ಸುಟ್ಟಿದ್ದು ಅದರಿಂದ.

ಎಲೆ ಹಳದಿಯಾಗಿ ನರ ಹಸಿರು ಉಳಿದದ್ದು ಕಬ್ಬಿಣದ ಕೊರತೆ. ಹೊಸ ಎಲೆಯಲ್ಲಿ ಮೊದಲು ಕಂಡರೆ ಕಬ್ಬಿಣ ಅಂತಲೇ ತಿಳಿಯಿರಿ. ಸಾರಜನಕ ಕಡಿಮೆಯಾದರೆ ಹಳೆ ಎಲೆ ಮೊದಲು ಹಳದಿಯಾಗುತ್ತೆ. ಮಣ್ಣಿನಲ್ಲಿ ಕಬ್ಬಿಣ ಇರುತ್ತೆ, ಆದರೆ ಸುಣ್ಣ ಜಾಸ್ತಿಯಿದ್ದಲ್ಲಿ ಬೇರಿಗೆ ಸಿಗುವುದಿಲ್ಲ. ಗುಲಾಬಿಗೆ ಪಿಎಚ್ (ಮಣ್ಣಿನ ಹುಳಿ, ಕ್ಷಾರದ ಅಳತೆ) 6ರಿಂದ 7ರೊಳಗೆ ಹಿತ. ನಮ್ಮ ಎರೆ ಮಣ್ಣು 8 ದಾಟಿರುತ್ತೆ. ಅದರ ಮೇಲೆ ನೀವು ಬೂದಿ ಹಾಕಿದ್ದೀರಿ, ಮೊಟ್ಟೆ ಸಿಪ್ಪೆ ಹಾಕಿದ್ದೀರಿ. ಬೂದಿ ಕ್ಷಾರ, ಸಿಪ್ಪೆ ಸುಣ್ಣ.

ಒಂದು ಪರೀಕ್ಷೆ ಹೇಳುತ್ತೇನೆ. ಗಿಡ ಇದ್ದ ಜಾಗದಲ್ಲಿ ಒಂದು ಗೇಣು ಆಳದ ಮಣ್ಣು ತೆಗೆದು, ಒಣಗಿಸಿ, ಪುಡಿಮಾಡಿ ತಟ್ಟೆಯಲ್ಲಿ ಹಾಕಿ. ಮೇಲೆ ನಿಂಬೆಹಣ್ಣು ಹಿಂಡಿ. ಕಿವಿ ಹತ್ತಿರ ಹಿಡಿಯಿರಿ. ಸುಣ್ಣ ಜಾಸ್ತಿ ಇದ್ದರೆ ಸದ್ದು ಬಂದು ನೊರೆ ಏಳುತ್ತೆ.

ಗಂಗಾವತಿ ಅಕ್ಕ, ಗಂಗಾವತಿ

ಅಣ್ಣಾರೆ, ಬೂದಿ ವಿಷಯದಲ್ಲಿ ನನ್ನದೊಂದು ಮಾತು. ನಮ್ಮ ಅತ್ತೆ ನಲವತ್ತು ವರ್ಷ ಒಲೆ ಬೂದಿಯನ್ನೇ ಹಾಕಿ ಗುಲಾಬಿ ಬೆಳೆಸಿದರು. ಗಿಡ ಚೆನ್ನಾಗಿಯೇ ಇತ್ತಲ್ಲ. ಬೂದಿ ಕೆಟ್ಟದ್ದು ಅಂದರೆ ಒಪ್ಪಿಕೊಳ್ಳುವುದು ಕಷ್ಟ.

ಮಸಾರಿ ಹೊಲ, ಕೊಪ್ಪಳ

ತಂಗಿ, ನಿಮ್ಮ ಅತ್ತೆಯವರು ಮಾಡಿದ್ದು ಅವರ ಮಣ್ಣಿಗೆ ಸರಿ. ನೀವು ಹಾಕುತ್ತಿದ್ದ ನೀರು ಯಾವುದು, ಕಾಲುವೆಯದಾ? ತುಂಗಭದ್ರೆಯ ನೀರು ಸಿಹಿ ನೀರು. ಮನೆ ಹಿಂದಿನದು ಕೆಂಪು ಮಣ್ಣಾ? ಅಲ್ಲಿ ಸುಣ್ಣ ಕಡಿಮೆ. ಅಂಥ ಕಡೆ ಬೂದಿಯಿಂದ ಪೊಟ್ಯಾಷ್ ಸಿಗುತ್ತೆ, ಹೂವಿಗೆ ಒಳ್ಳೆಯದು. ಅದೇ ಬೂದಿ ಬಳ್ಳಾರಿಯ ಎರೆ ಮಣ್ಣಿಗೆ, ಬೋರಿನ ನೀರಿಗೆ ಬಿದ್ದರೆ ಹೊರೆ ಮೇಲೆ ಹೊರೆ.

ಗಂಗಾವತಿ ಅಕ್ಕ, ಗಂಗಾವತಿ

ಹೌದು ಅಣ್ಣಾರೆ, ಕೆಂಪು ಮಣ್ಣು, ಕಾಲುವೆ ನೀರು. ಈಗ ಅರ್ಥವಾಯಿತು.

ಹಾಗಾದರೆ ಬಳ್ಳಾರಿ ಅಕ್ಕನಿಗೆ ನಾನೊಂದು ಹೇಳುತ್ತೇನೆ. ನಿಮ್ಮ ಸುತ್ತ ಅಕ್ಕಿ ಗಿರಣಿ ಇದ್ದರೆ ಭತ್ತದ ಹೊಟ್ಟು ತನ್ನಿ. ಸುಟ್ಟ ಬೂದಿ ಬೇಡ, ಹಸಿ ಹೊಟ್ಟು. ಎರೆ ಮಣ್ಣಿಗೆ ಬೆರೆಸಿದರೆ ಮಣ್ಣು ಸಡಿಲವಾಗಿ ನೀರು ಇಳಿಯುತ್ತೆ. ಬೇಸಿಗೆಯಲ್ಲಿ ಬುಡದ ಮೇಲೆ ಎರಡು ಇಂಚು ಹರಡಿದರೆ ತೇವ ಉಳಿಯುತ್ತೆ. ನಾನು ಕೆಲವು ಸಲ ಶೇಂಗಾ ಹೊಟ್ಟೂ ಹಾಕುತ್ತೇನೆ, ಆದರೆ ಅದಕ್ಕೆ ಗೆದ್ದಲು ಬರುತ್ತೆ. ಕಾಂಡಕ್ಕೆ ತಾಗದಂತೆ ನಾಲ್ಕು ಬೆರಳು ಜಾಗ ಬಿಡಬೇಕು.

ಅಂಗಳದ ಹೂವು, ಬಳ್ಳಾರಿ

ನಿಂಬೆ ಹಿಂಡಿದೆ. ಜುಮ್ ಅಂತ ಸದ್ದು ಬಂತು, ಸಣ್ಣ ಸಣ್ಣ ನೊರೆ ಎದ್ದಿತು. ಮಣ್ಣನ್ನು ಬೆರಳಲ್ಲಿ ತಿಕ್ಕಿದರೆ ಬಿಳಿ ಹರಳು ಸಿಗುತ್ತವೆ. ಗಿಡದ ಬುಡದಲ್ಲಿ ಬಿಳಿ ಪುಡಿ ಕಟ್ಟಿಕೊಂಡಿತ್ತು, ನಾನು ಅದನ್ನು ಬೂಷ್ಟು ಅಂದುಕೊಂಡಿದ್ದೆ. ಎರಡು ವರ್ಷ ನನ್ನ ಕೈಯಾರೆ ಉಪ್ಪು ಹಾಕಿದ್ದೇನೆ ಅಂತ ತಿಳಿದು ರಾತ್ರಿ ನಿದ್ದೆ ಬರಲಿಲ್ಲ.

ನಮ್ಮ ಬೀದಿಗೆ ನಲ್ಲಿ ನೀರು ದಿನ ಬಿಟ್ಟು ದಿನ ಬರುತ್ತೆ. ಅದನ್ನು ಹಿಡಿದಿಟ್ಟರೆ ಸಾಕಾ? ಏಸಿಯಿಂದ ತೊಟ್ಟಿಕ್ಕುವ ನೀರು ಹಾಕಬಹುದಾ?

ರಾಯಚೂರು ಬಿಸಿಲು, ರಾಯಚೂರು

ಏಸಿ ನೀರು ಧಾರಾಳವಾಗಿ ಹಾಕಿ ಅಕ್ಕಾ. ಅದು ಗಾಳಿಯ ತೇವ ತಣ್ಣಗಾಗಿ ನೀರಾದದ್ದು, ಉಪ್ಪು ಇರುವುದಿಲ್ಲ. ನಾನು ಎರಡು ವರ್ಷದಿಂದ ಹಾಕುತ್ತಿದ್ದೇನೆ. ಏಪ್ರಿಲ್‌ನ ಒಣಗಾಳಿಯಲ್ಲಿ ಕಡಿಮೆ ಬರುತ್ತೆ, ಮಳೆ ಶುರುವಾದ ಮೇಲೆ ಬಕೆಟ್ ತುಂಬುತ್ತೆ. ಆದರೆ ಕೂಲರಿನ ತಳದಲ್ಲಿ ಉಳಿದ ನೀರು ಬೇಡ. ಕೂಲರಿನಲ್ಲಿ ನೀರು ಆವಿಯಾಗಿ ಹೋಗುತ್ತೆ, ಉಪ್ಪು ಉಳಿಯುತ್ತೆ. ಹುಲ್ಲಿನ ಪ್ಯಾಡ್ ಮೇಲೆ ಬಿಳಿ ಗಟ್ಟಿ ಪದರ ಕಟ್ಟುತ್ತೆ ನೋಡಿ, ಅದೇ. ನೋಡಲು ಎರಡೂ ತಿಳಿ ನೀರು, ಆದರೆ ಗಿಡಕ್ಕೆ ಒಂದು ಒಳ್ಳೆಯದು, ಒಂದು ವಿಷ.

ಮಸಾರಿ ಹೊಲ, ಕೊಪ್ಪಳ

ಹೊಳೆಯಿಂದ ಬರುವ ನಲ್ಲಿ ನೀರಾದರೆ ಸಾಕು. ದಿನಾ ಒಂದು ಚೆಂಬು ಚಿಮುಕಿಸಬೇಡಿ. ಎರಡು ಮೂರು ದಿನಕ್ಕೊಮ್ಮೆ ಕೆಳಗಿನವರೆಗೆ ಇಳಿಯುವಂತೆ ಹಾಕಿ. ಮೇಲ್ಮಣ್ಣು ಮಾತ್ರ ಒದ್ದೆಯಾದರೆ ಉಪ್ಪು ಮೇಲೇ ಕೂರುತ್ತೆ.

ಮಣ್ಣಿನ ವಿಷಯಕ್ಕೆ ಬರುತ್ತೇನೆ. ನೊರೆ ಬಂದ ಮಣ್ಣನ್ನು ಗಂಧಕ ಹಾಕಿ ಸರಿಮಾಡುತ್ತೇವೆ ಅನ್ನುವವರಿದ್ದಾರೆ. ಸುಣ್ಣದ ಹರಳು ತುಂಬಿದ ನೆಲದಲ್ಲಿ ಎಷ್ಟು ಗಂಧಕ ಹಾಕಿದರೂ ಸುಣ್ಣವೇ ತಿಂದು ಹಾಕುತ್ತೆ. ಚಿಕ್ಕ ಜಾಗ ಇರುವುದು ನಿಮಗೆ ಅನುಕೂಲ, ಮಣ್ಣನ್ನೇ ಬದಲಿಸಿ. ಎರಡು ಅಡಿ ಅಗಲ, ಎರಡು ಅಡಿ ಆಳದ ಗುಂಡಿ ತೆಗೆಯಿರಿ. ತಳಕ್ಕೆ ನಾಲ್ಕು ಬೆರಳು ಗರಸು. ಮೇಲೆ ಎರಡು ಪಾಲು ಮಸಾರಿ ಮಣ್ಣು (ಕೆಂಪು ಮಣ್ಣು), ಒಂದು ಪಾಲು ಚೆನ್ನಾಗಿ ಕಳಿತ ಸಗಣಿ ಗೊಬ್ಬರ, ಅರ್ಧ ಪಾಲು ಭತ್ತದ ಹೊಟ್ಟು, ಎರಡು ಹಿಡಿ ಬೇವಿನ ಹಿಂಡಿ. ಮಣ್ಣು ನೆಲಮಟ್ಟಕ್ಕಿಂತ ಒಂದು ಗೇಣು ಎತ್ತರ ಇರಲಿ. ಎರೆ ನೆಲದಲ್ಲಿ ಗುಂಡಿ ಮಳೆಗಾಲಕ್ಕೆ ಬಾವಿಯಾಗುತ್ತೆ, ಬೇರು ಕೊಳೆಯುತ್ತೆ.

ಮುಂದೆ ಎಲೆ ಹಳದಿಯಾದರೆ ಅನ್ನಭೇದಿಯನ್ನು (ಫೆರಸ್ ಸಲ್ಫೇಟ್, ಕಬ್ಬಿಣದ ಲವಣ) ಒಂದು ಲೀಟರ್ ನೀರಿಗೆ 5 ಗ್ರಾಂ ಕಲಸಿ, ಅರ್ಧ ನಿಂಬೆಹಣ್ಣು ಹಿಂಡಿ, ಸಂಜೆ ಹೊತ್ತು ಎಲೆಗೆ ಸಿಂಪಡಿಸಿ. ಸುಣ್ಣದ ನೆಲಕ್ಕೆ ಸುರಿದರೆ ಬೇರಿಗೆ ಸಿಗುವ ಮೊದಲೇ ಕೆಟ್ಟುಹೋಗುತ್ತೆ. ಬುಡಕ್ಕೇ ಹಾಕಬೇಕೆಂದರೆ ಗೊಬ್ಬರದಂಗಡಿಯಲ್ಲಿ ಇಡಿಡಿಎಚ್‌ಎ ಕಬ್ಬಿಣ ಅಂತ ಕೇಳಿ. ಇಡಿಟಿಎ ಅಂತ ಇನ್ನೊಂದು ಕೊಡುತ್ತಾರೆ, ಅಗ್ಗ, ಆದರೆ ನಮ್ಮ ಕ್ಷಾರ ಮಣ್ಣಲ್ಲಿ ಕೆಲಸ ಮಾಡುವುದಿಲ್ಲ.

ಅಂಗಳದ ಹೂವು, ಬಳ್ಳಾರಿ

ಬರೆದಿಟ್ಟುಕೊಂಡೆ ಅಣ್ಣಾರೆ. ಈಗ ಮುಖ್ಯ ಪ್ರಶ್ನೆ. ಯಾವ ಗುಲಾಬಿ?

ಹೂವಿನ ಬುಟ್ಟಿ, ಬಳ್ಳಾರಿ

ಅಕ್ಕಾ, ನಿಮ್ಮ ತವರಿನ ಗಿಡ ಪನ್ನೀರ ಗುಲಾಬಿ. ಬರೆದದ್ದು ಓದುತ್ತಲೇ ಗೊತ್ತಾಯಿತು. ನಮ್ಮದು ಮೂರು ತಲೆಮಾರಿನ ಹೂವಿನ ವ್ಯಾಪಾರ. ನಮ್ಮ ಅಜ್ಜ ಪನ್ನೀರ ಹೂವನ್ನು ಬುಟ್ಟಿಯಲ್ಲಿ ತೂಕಕ್ಕೆ ತರುತ್ತಿದ್ದರು. ದರ್ಗಾದ ಚಾದರಕ್ಕೆ, ಮದುವೆ ಹಾರಕ್ಕೆ, ದೇವರ ಮನೆಗೆ ಎಲ್ಲದಕ್ಕೂ ಅದೇ. ಈಗ ಅಂಗಡಿಗೆ ಬರುವುದು ಉದ್ದ ಕಡ್ಡಿಯ ಡಚ್ ಗುಲಾಬಿ. ಐದು ದಿನ ಬಾಡುವುದಿಲ್ಲ, ಮೂಗಿಗಿಟ್ಟರೆ ಏನೂ ಇಲ್ಲ. ಪನ್ನೀರ ಹೂವು ಬೆಳಿಗ್ಗೆ ಕಿತ್ತರೆ ಮಧ್ಯಾಹ್ನಕ್ಕೆ ಎಸಳು ಉದುರುತ್ತೆ. ವ್ಯಾಪಾರಕ್ಕೆ ಕಷ್ಟ, ಅದಕ್ಕೇ ಬಿಟ್ಟೆವು. ಆದರೆ ಮನೆಯಂಗಳಕ್ಕೆ ಏನು ತೊಂದರೆ? ಕಿತ್ತ ಹೂವು ಹತ್ತು ಹೆಜ್ಜೆ ದಾಟಿದರೆ ದೇವರ ಮನೆ.

ಸೂರ್ಯ ಮೇಲೇರುವ ಮೊದಲು ಕೀಳಿ. ಆಗ ಪರಿಮಳ ಎಸಳಲ್ಲೇ ಇರುತ್ತೆ. ಒಂಬತ್ತು ಗಂಟೆಯ ಮೇಲೆ ಬಿಸಿಲಿಗೆ ಹಾರಿಹೋಗುತ್ತೆ. ಅತ್ತರು ತೆಗೆಯುವವರೂ ಮುಂಜಾನೆಯೇ ಕೀಳುವುದು.

ಮಸಾರಿ ಹೊಲ, ಕೊಪ್ಪಳ

ಇವರು ಹೇಳಿದ್ದು ಸರಿ. ಒಂದು ವಿವರ ಸೇರಿಸುತ್ತೇನೆ, ಹೆಸರಿನ ಗೊಂದಲದಿಂದ ಬಹಳ ಜನ ತಪ್ಪು ಗಿಡ ತರುತ್ತಾರೆ.

ಪನ್ನೀರು, ಅತ್ತರು ತೆಗೆಯುವ ಡಮಾಸ್ಕ್ ಗುಲಾಬಿ ಬೇರೆ. ರಾಜಸ್ಥಾನದ ಪುಷ್ಕರದ ಕಡೆ ಬೆಳೆಯುತ್ತಾರೆ. ಅದಕ್ಕೆ ಒಳ್ಳೆ ಚಳಿ ಬೇಕು, ಹೂವು ಮುಖ್ಯವಾಗಿ ಚಳಿ ಮುಗಿದ ಮೇಲೆ ಕೆಲವೇ ವಾರ. ನಮ್ಮ ದಕ್ಷಿಣದಲ್ಲಿ ಪನ್ನೀರ ಗುಲಾಬಿ ಅಂತ ಸಿಗುವುದು ಎಡ್ವರ್ಡ್ ಗುಲಾಬಿ. ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದ್ದು. ಆ ದ್ವೀಪಕ್ಕೆ ಹಿಂದೆ ಬೂರ್ಬೋನ್ ಅಂತ ಹೆಸರು. ಅಲ್ಲಿ ಹೊಲದ ಬೇಲಿಗೆ ಡಮಾಸ್ಕ್ ಮತ್ತು ಚೀನಾ ಗುಲಾಬಿ ಎರಡನ್ನೂ ಹಾಕುತ್ತಿದ್ದರು. ಅವೆರಡೂ ತಾವಾಗಿಯೇ ಕೂಡಿ ಹುಟ್ಟಿದ್ದು ಇದು. 19ನೇ ಶತಮಾನದ ಆರಂಭದಲ್ಲಿ ಅಲ್ಲಿಂದ ಫ್ರಾನ್ಸಿಗೂ ಹೋಯಿತು. ಪರಿಮಳ ಡಮಾಸ್ಕಿನದು, ಮತ್ತೆ ಮತ್ತೆ ಹೂ ಬಿಡುವ ಗುಣ ಚೀನಾದ್ದು. ಬಿಸಿ ದ್ವೀಪದಲ್ಲಿ ಹುಟ್ಟಿದ್ದರಿಂದ ಚಳಿ ಕೇಳುವುದಿಲ್ಲ.

ಬಿಟ್ಟರೆ ನಾಲ್ಕೈದು ಅಡಿ ಹೋಗುತ್ತೆ. ವರ್ಷಕ್ಕೊಮ್ಮೆ ಚಾಟನಿ (ಕಡ್ಡಿ ಸವರುವುದು) ಮಾಡಿ, ಹೂವು ಮುಗಿದ ಕಡ್ಡಿಯನ್ನು ಆಗಾಗ ಕತ್ತರಿಸುತ್ತಿದ್ದರೆ ಮೂರು ಅಡಿಗೆ ನಿಲ್ಲುತ್ತೆ, ಪೊದೆಯೂ ತುಂಬುತ್ತೆ. ನೀವು ಕೇಳಿದ್ದು ಇದನ್ನೇ.

ಇಂಗ್ಲಿಷ್ ಗುಲಾಬಿಯ ಬಗ್ಗೆ ನನಗೆ ಗೌರವ ಇದೆ. ಅವನ್ನು ಬೆಳೆಸಿದ ತಳಿಗಾರ ಡೇವಿಡ್ ಆಸ್ಟಿನ್ (1926–2018) ಹಳೆ ಗುಲಾಬಿಯ ಪರಿಮಳವನ್ನೂ ಹೊಸದರ ಬಣ್ಣವನ್ನೂ ಕೂಡಿಸಲು ಇಡೀ ಜೀವನ ದುಡಿದರು. ಅವರ ಮೊದಲ ಗುಲಾಬಿ 1961ರಲ್ಲಿ ಬಂತು. ಆದರೆ ಅವರು ಆರಿಸಿದ್ದು ಇಂಗ್ಲೆಂಡಿನ ಹವೆಯಲ್ಲಿ. ನಮ್ಮ ಮೇ ತಿಂಗಳಲ್ಲಿ ಅವುಗಳ ಹೂವು ಸಣ್ಣಗಾಗಿ ಅರ್ಧ ದಿನಕ್ಕೆ ಬಾಡುತ್ತೆ.

ಕಾಲುವೆ ದಂಡೆ, ಸಿಂಧನೂರು

ಎಡ್ವರ್ಡ್ ಬಗ್ಗೆ ನನ್ನದೊಂದು ಅನುಭವ. ನಾಲ್ಕು ವರ್ಷದ ಹಿಂದೆ ನರ್ಸರಿಯಿಂದ ಹಳದಿ ಗುಲಾಬಿ ತಂದೆ, ಕಸಿ ಗಿಡ. ಒಂದು ಬೇಸಿಗೆಗೆ ಮೇಲಿನದು ಸತ್ತಿತು. ಕಸಿ ಗಂಟಿನ ಕೆಳಗಿಂದ ಚಿಗುರು ಬಂತು. ಕಾಡು ಚಿಗುರು, ಕಿತ್ತು ಹಾಕು ಅಂದರು ಎಲ್ಲರೂ. ಹಸಿರು ಇರಲಿ ಅಂತ ಬಿಟ್ಟೆ. ಡಿಸೆಂಬರಿನಲ್ಲಿ ಮೊಗ್ಗು ಬಂತು. ಒಂದು ಬೆಳಿಗ್ಗೆ ಹಾಲಿಗೆ ಹೋಗಲು ಬಾಗಿಲು ತೆಗೆದರೆ ಘಮ್ ಅಂತು. ಗಿಡದ ಹತ್ತಿರ ಹೋಗಿ ನೋಡಿದರೆ ತಿಳಿ ಗುಲಾಬಿ ಹೂವು ಎರಡು, ಇಬ್ಬನಿ ಹಿಡಿದುಕೊಂಡು. ಆ ಅಡಿಗಿಡವೇ ಎಡ್ವರ್ಡ್ ಆಗಿತ್ತು! ನಮ್ಮ ಕಡೆ ಕಸಿ ಕಟ್ಟಲು ಇದನ್ನೂ ಬಳಸುತ್ತಾರೆ, ಬೇರು ಗಟ್ಟಿ ಅಂತ.

ಬಳ್ಳಾರಿ ಅಕ್ಕಾ, ನಿಮ್ಮ ಇಂಗ್ಲಿಷ್ ಗುಲಾಬಿಯ ಬುಡ ಇನ್ನೂ ಇದ್ದರೆ ಕೀಳಬೇಡಿ, ನೋಡಿ.

ಅಂಗಳದ ಹೂವು, ಬಳ್ಳಾರಿ (ಏಪ್ರಿಲ್)

ಬುಡ ಇತ್ತು, ಚಿಗುರೂ ಬಂತು. ನಲ್ಲಿ ನೀರು ಹಾಕಿ ಕಾದೆ. ಆದರೆ ಅರಳಿದ್ದು ಗೊಂಚಲು ಗೊಂಚಲು ಸಣ್ಣ ಬಿಳಿ ಹೂವು, ಐದೇ ಎಸಳು. ಇದು ಎಡ್ವರ್ಡ್ ಅಲ್ಲ ಅಲ್ವಾ?

ಮಸಾರಿ ಹೊಲ, ಕೊಪ್ಪಳ

ಅಲ್ಲ. ಅದು ಮಲ್ಟಿಫ್ಲೋರಾ, ಅದೂ ಕಸಿಯ ಅಡಿಗಿಡವೇ. ಕ್ಷಾರದ ಮಣ್ಣಿಗೆ ಅದು ಒಗ್ಗುವುದಿಲ್ಲ, ನಿಮ್ಮ ಗಿಡ ಬೇಗ ಸೋತದ್ದಕ್ಕೆ ಅದೂ ಒಂದು ಕಾರಣ. ಅದನ್ನು ತೆಗೆದುಬಿಡಿ. ಕಸಿ ಇಲ್ಲದ, ಸ್ವಂತ ಬೇರಿನ ಎಡ್ವರ್ಡ್ ಹಾಕಿ. ಮೇಲೆ ಒಣಗಿದರೂ ಬುಡದಿಂದ ಅದೇ ಗಿಡ ಬರುತ್ತೆ.

ಕಾಲುವೆ ದಂಡೆ, ಸಿಂಧನೂರು

ಅಕ್ಕಾ, ಕಡ್ಡಿ ನಾನು ಕಳಿಸುತ್ತೇನೆ. ಈಗ ಬೇಡ, ಈ ಬಿಸಿಲಿಗೆ ಹತ್ತುವುದಿಲ್ಲ. ಜುಲೈಯಲ್ಲಿ ಮೋಡ ಕವಿದ ಮೇಲೆ ಬಳ್ಳಾರಿಗೆ ಬರುವವರ ಕೈಲಿ ಕಳಿಸುತ್ತೇನೆ.

ಅಂಗಳದ ಹೂವು, ಬಳ್ಳಾರಿ (ಜುಲೈ)

ಕಡ್ಡಿ ಬಂತು. ಒದ್ದೆ ಬಟ್ಟೆ, ಅದರ ಮೇಲೆ ಬಾಳೆ ಎಲೆ, ಮೇಲೆ ಪೇಪರು. ಐದು ಕಡ್ಡಿ, ಪೆನ್ಸಿಲ್ ದಪ್ಪ, ಒಂದೊಂದು ಗೇಣು. ಕೆಳತುದಿ ಓರೆ, ಮೇಲ್ತುದಿ ನೇರವಾಗಿ ಕತ್ತರಿಸಿ, ತಲೆಕೆಳಗಾಗಬಾರದು ಅಂತ ಮೇಲ್ತುದಿಗೆ ಅರಿಶಿನ ಹಚ್ಚಿ ಕಳಿಸಿದ್ದೀರಿ. ಇಷ್ಟು ಜೋಪಾನ ಮಾಡಿದ್ದಕ್ಕೆ ಏನು ಹೇಳಲಿ ತಮ್ಮಾ.

ಮರಳು ಮತ್ತು ತೆಂಗಿನ ನಾರಿನ ಪುಡಿ ಸಮ ಬೆರೆಸಿ, ಎರಡು ಗೆಣ್ಣು ಒಳಗೆ ಹೋಗುವಂತೆ ಊರಿದ್ದೇನೆ. ಮೇಲೆ ಪ್ಲಾಸ್ಟಿಕ್ ಕವರ್ ಮುಚ್ಚಿ ನೆರಳಲ್ಲಿಟ್ಟಿದ್ದೇನೆ.

ಕಾಲುವೆ ದಂಡೆ, ಸಿಂಧನೂರು

ಚಿಗುರು ಬಂತು ಅಂತ ಎತ್ತಿ ನೋಡಬೇಡಿ ಅಕ್ಕಾ. ಮೊದಲ ಚಿಗುರು ಕಡ್ಡಿಯೊಳಗಿನ ಕಸುವಿನಿಂದ ಬರುತ್ತೆ, ಬೇರು ಆಮೇಲೆ. ಐದಾರು ವಾರ ಬಿಡಿ.

ಅಂಗಳದ ಹೂವು, ಬಳ್ಳಾರಿ (ಸೆಪ್ಟೆಂಬರ್)

ಐದರಲ್ಲಿ ಮೂರು ಹತ್ತಿದವು. ಅಣ್ಣಾರು ಹೇಳಿದಂತೆ ಗುಂಡಿ ತೆಗೆದು, ಕೂಡ್ಲಿಗಿ ಕಡೆಯ ಕೆಂಪು ಮಣ್ಣು ತರಿಸಿ, ಗಟ್ಟಿ ಇದ್ದದ್ದನ್ನು ನೆಟ್ಟೆ. ಉಳಿದೆರಡು ಕುಂಡದಲ್ಲಿವೆ. ಎಲೆ ಕಡು ಹಸಿರು. ಎರಡು ಮೊಗ್ಗು ಬಂದಿವೆ, ಬಿಡಲಾ?

ಮಸಾರಿ ಹೊಲ, ಕೊಪ್ಪಳ

ಕಷ್ಟವಾದರೂ ಚಿವುಟಿ ಅಕ್ಕಾರೆ. ಮೊದಲ ಎರಡು ಮೂರು ಸಲದ ಮೊಗ್ಗು ತೆಗೆದರೆ ಗಿಡ ಬುಡದಿಂದ ಹೊಸ ಕಡ್ಡಿ ಒಡೆಯುತ್ತೆ. ಪೊದೆ ಆಗುವುದು ಹಾಗೇ. ಈ ವರ್ಷ ಚಾಟನಿ ಬೇಡ. ಮುಂದಿನ ವರ್ಷ ಮಳೆ ಮುಗಿದು ಅಕ್ಟೋಬರಿನಲ್ಲಿ ಮಾಡಿ. ಒಳಮುಖದ ಕಡ್ಡಿ, ಒಣಗಿದ್ದು ಮೊದಲು ತೆಗೆದು, ಉಳಿದದ್ದನ್ನು ಅರ್ಧಕ್ಕೆ ಇಳಿಸಿ. ಹೊರಮುಖದ ಕಣ್ಣಿನ ಮೇಲೆ ಕತ್ತರಿಸಿ. ಕತ್ತರಿಸಿದ ತುದಿಗೆ ಬೋರ್ಡೋ ಮುಲಾಮು (ಮೈಲುತುತ್ತ, ಸುಣ್ಣ ಕಲಸಿದ ಲೇಪ) ಹಚ್ಚಿದರೆ ತುದಿ ಒಣಗು ರೋಗ ಇಳಿಯುವುದಿಲ್ಲ. ಅಲ್ಲಿಂದ ಆರೇಳು ವಾರಕ್ಕೆ ಹೂವು.

ಚಳಿಗಾಲದಲ್ಲಿ ಎಳೆ ಎಲೆ ಮೇಲೆ ಬಿಳಿ ಬೂದಿ ರೋಗ ಬರಬಹುದು, ನೀರಲ್ಲಿ ಕಲಸುವ ಗಂಧಕ ಸಿಂಪಡಿಸಿ. ಬೇಸಿಗೆಯಲ್ಲಿ ಗಂಧಕ ಮುಟ್ಟಬೇಡಿ, 32 ಡಿಗ್ರಿ ದಾಟಿದರೆ ಎಲೆ ಸುಡುತ್ತೆ.

ರಾಯಚೂರು ಬಿಸಿಲು, ರಾಯಚೂರು

ಬೇಸಿಗೆಯ ಶತ್ರು ಕೆಂಪು ನುಸಿ ಅಕ್ಕಾ. ಎಲೆ ಮಂಕಾಗಿ, ಮೇಲೆ ಸಣ್ಣ ಚುಕ್ಕೆ ಕಂಡರೆ ಬಿಳಿ ಹಾಳೆ ಹಿಡಿದು ಎಲೆ ತಟ್ಟಿ. ಬಿದ್ದ ಧೂಳು ನಡೆದಾಡಿದರೆ ಅದು ನುಸಿ. ಔಷಧಿಗೆ ಓಡಬೇಡಿ. ಬೆಳಿಗ್ಗೆ ಎಲೆಯ ಅಡಿಭಾಗಕ್ಕೆ ರಭಸವಾಗಿ ನೀರು ಹೊಡೆಯಿರಿ, ಮೂರು ದಿನ ಬಿಟ್ಟು ಮತ್ತೆ. ಒಣ ಗಾಳಿಯಲ್ಲಿ ಬೆಳೆಯುವ ಹುಳ, ತೇವ ಕಂಡರೆ ಸೋಲುತ್ತೆ.

ಅಂಗಳದ ಹೂವು, ಬಳ್ಳಾರಿ (ಜನವರಿ)

ಇವತ್ತು ಬೆಳಿಗ್ಗೆ ಆರೂವರೆಗೆ ಏಳು ಹೂವು. ಗಿಡ ಮೊಣಕಾಲೆತ್ತರ ಇದೆ ಅಷ್ಟೆ. ಹೂವಿನ ಹೊರ ಎಸಳು ತಿಳಿ, ಒಳಗೆ ಹೋದಂತೆ ಬಣ್ಣ ಕಡು. ನಡುವೆ ಎಸಳು ಮಡಚಿಕೊಂಡು ಗುಂಡಿ ಹಾಕಿದ ಹಾಗೆ ಇವೆ. ಅಮ್ಮ ಈಗ ನಮ್ಮ ಜೊತೆಗೇ ಇದ್ದಾರೆ, ಕಣ್ಣು ಸ್ವಲ್ಪ ಮಂಜು. ಒಂದು ಹೂವು ಕೈಗಿಟ್ಟೆ. ಮೂಸಿ, "ಇದು ಬಚ್ಚಲ ಕಡೆಯ ಗಿಡದ್ದಲ್ಲೇನೇ?" ಅಂದರು.

ಹೂವಿನ ಬುಟ್ಟಿ ಅಣ್ಣಾ, ಗುಲ್ಕಂದ ಮಾಡಬಹುದಾ ಇದರಲ್ಲಿ?

ಹೂವಿನ ಬುಟ್ಟಿ, ಬಳ್ಳಾರಿ

ಇದಕ್ಕಿಂತ ಒಳ್ಳೆ ಹೂವು ಎಲ್ಲಿದೆ ಅಕ್ಕಾ! ಔಷಧಿ ಹೊಡೆಯದ ಹೂವೇ ಆಗಬೇಕು, ಅದು ಮುಖ್ಯ. ಗಂಧಕ ಹೊಡೆದಿದ್ದರೂ ಬೇಡ. ಎಸಳು ಬಿಡಿಸಿ, ಒರೆಸಿ, ನೆರಳಲ್ಲಿ ಒಂದು ತಾಸು ಆರಿಸಿ. ಗಾಜಿನ ಬಾಟಲಿಯಲ್ಲಿ ಒಂದು ಪದರ ಎಸಳು, ಒಂದು ಪದರ ಕಲ್ಲುಸಕ್ಕರೆ ಪುಡಿ, ಸಮ ತೂಕ. ಮೂರ್ನಾಲ್ಕು ವಾರ ದಿನಾ ಬಿಸಿಲಿಗಿಡಿ, ಒಣ ಚಮಚದಲ್ಲಿ ಆಗಾಗ ತಿರುವಿ. ಏಳು ಹೂವಿಗೆ ಒಂದು ಚಿಕ್ಕ ಬಾಟಲಿಯೂ ತುಂಬುವುದಿಲ್ಲ. ದಿನಾ ಬಂದದ್ದನ್ನು ಪದರ ಪದರ ಸೇರಿಸುತ್ತಾ ಹೋಗಿ.

ಗಂಗಾವತಿ ಅಕ್ಕ, ಗಂಗಾವತಿ

ಅಕ್ಕಾ, ಅತ್ತೆಯವರ ಗಿಡ ಮನೆ ಕಟ್ಟುವಾಗ ಹೋಯಿತು. ಮುಂದಿನ ಚಾಟನಿಯಲ್ಲಿ ನನಗೆರಡು ಕಡ್ಡಿ ಇಡುತ್ತೀರಾ?

ಅಂಗಳದ ಹೂವು, ಬಳ್ಳಾರಿ

ಚಾಟನಿವರೆಗೆ ಯಾಕೆ ಕಾಯುತ್ತೀರಿ? ಕುಂಡದಲ್ಲಿರುವ ಎರಡರಲ್ಲಿ ಒಂದು ನಿಮ್ಮದು. ಬಿಸಿಲು ಏರುವ ಮೊದಲು, ಈ ತಿಂಗಳೇ ಬಂದು ತಗೊಂಡು ಹೋಗಿ.